ಮಾಲೀಕರ ಹೆಸರು: ದುರ್ಗವ್ವ

ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಗೋಡೆ ತುಂಬ ಒಂದು ನಕಾಶೆ ಇತ್ತು. ಸುಪಿಷ್ಟ ಕಂಪನಿಯ ಹಿಟ್ಟಿನ ಗಿರಣಿ ರಾಜ್ಯದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದೊಂದು ಹಸಿರು ಚುಕ್ಕೆ. ಹೊಸ ಆವೃತ್ತಿಗೆ ಮಾಲೀಕರು ಒಪ್ಪಿಗೆ ಕೊಟ್ಟಾಯಿತು ಎಂದು ಅದರ ಅರ್ಥ. ನಲವತ್ತೊಂದು ಸಾವಿರ ಹಸಿರು ಚುಕ್ಕೆಗಳ ನಡುವೆ ಬೆಟಗೇರಿಯಲ್ಲಿ ಒಂದೇ ಒಂದು ಹಳದಿ.

"ಮೂರು ವರ್ಷದಿಂದ ಹಂಗ ಐತದು," ಎಂದರು ನಮ್ಮ ಮುಖ್ಯಸ್ಥ ಹೆಬಸೂರ ಸರ್. "ಆ ಒಂದು ಗಿರಣಿ ಸಲುವಾಗಿ ಹಳೇ ವ್ಯವಸ್ಥಾ ಪೂರಾ ಜೀವಂತ ಇಟಗೊಂಡು ಕುಂತೀವಿ. ಇಂದುಮತಿ, ನೀವ ಹೋಗಿ ಆ ಮುದುಕಿ ಕಡೆ ಹೌದೋ ಅಲ್ಲೋ ಅನಿಸಿಗೊಂಡು ಬರ್ರಿ."

ನಾನು ಒಪ್ಪಿಗೆ ವಿಭಾಗದ ಅಧಿಕಾರಿ. ಹೀಗೊಂದು ವಿಭಾಗ ಯಾಕಿದೆ ಅಂತ ಹೇಳಿಬಿಡುತ್ತೇನೆ. ಹಿಂದೊಮ್ಮೆ ಜನ ಬೀದಿಗಿಳಿದು ಗದ್ದಲ ಮಾಡಿ ಒಂದು ಕಾಯ್ದೆ ಮಾಡಿಸಿದ್ದರು. ದುಡ್ಡು ಕೊಟ್ಟು ಕೊಂಡ ಯಂತ್ರದೊಳಗಿನ ತಂತ್ರಾಂಶವನ್ನು ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಕಂಪನಿಯೂ ಬದಲಿಸಕೂಡದು. ಮಾಲೀಕರು ಉತ್ತರ ಕೊಡುವವರೆಗೂ ಯಂತ್ರ ಇದ್ದ ಹಾಗೆಯೇ ನಡೆಯಬೇಕು. ಕಾಯ್ದೆ ಬಂದ ವಾರದಲ್ಲೇ ಕಂಪನಿಗಳು ಎರಡು ಗುಂಡಿ ತಂದವು. 'ಒಪ್ಪಿದೆ' ಒತ್ತಿದರೆ ಹೊಸ ಆವೃತ್ತಿ. 'ಒಪ್ಪಿಲ್ಲ' ಒತ್ತಿದರೆ ಯಂತ್ರ ಬಂದ್. ಏನೂ ಒತ್ತದೆ ಕೂತರೆ ಅದು ಗಂಟೆಗೊಮ್ಮೆ ಕೀಂ ಅಂತ ಕೇಳುತ್ತಲೇ ಇರುತ್ತದೆ. ಎರಡು ದಿನ ಕೀಂ ಅನ್ನಿಸಿಕೊಂಡರೆ ಎಂಥ ಗಟ್ಟಿಗನೂ ಒತ್ತಿಬಿಡುತ್ತಾನೆ. ಇದಕ್ಕೆ ನಮ್ಮಲ್ಲಿ ಒಪ್ಪಿಗೆ ಅಂತ ಹೆಸರು.

ನನಗೇನು ಇದು ಸರಿ ಕಾಣುತ್ತಿತ್ತು ಅಂತಲ್ಲ. ನಮ್ಮ ಮನೆಯ ಅನ್ನದ ಕುಕ್ಕರಿಗೆ ಹೋದ ತಿಂಗಳು ನಾನೇ 'ಒಪ್ಪಿದೆ' ಒತ್ತಿದ್ದೆ. ಅಂದಿನಿಂದ ಅದಕ್ಕೆ ಕಂಪನಿಯ ಪೊಟ್ಟಣದ ಅಕ್ಕಿ ಬಿಟ್ಟು ಬೇರೆ ಅಕ್ಕಿ ಕಣ್ಣಿಗೇ ಕಾಣುವುದಿಲ್ಲ. ಗಂಡ ಬಸು ಕೆಳಗೆ ನಮ್ಮ ಸೋನಾ ಅಕ್ಕಿ ಹಾಕಿ, ಮೇಲೊಂದು ಹಿಡಿ ಪೊಟ್ಟಣದ ಅಕ್ಕಿ ಹರಡಿ ಅದಕ್ಕೆ ಮಂಕುಬೂದಿ ಎರಚುವುದನ್ನು ಕಲಿತಿದ್ದ. ಬೆಟಗೇರಿಗೆ ಹೊರಟ ದಿನ ಬೆಳಿಗ್ಗೆಯೂ ಅದನ್ನೇ ಮಾಡುತ್ತಿದ್ದ.

"ಒಪ್ಪಿಗಿ ಬಾಯಾರು ಹೊಂಟ್ರು," ಎಂದ. "ಮನ್ಯಾಗಿನ ಕುಕ್ಕರ್ ಮಾತು ಕೇಳವಲ್ದು, ಊರ ಮಂದಿ ಗಿರಣಿ ರಿಪೇರಿ ಮಾಡಾಕ ಹೊಂಟಾರ."

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಕಡತದಲ್ಲಿ ಮಾಲೀಕರ ವಿವರ ಅರ್ಧ ಪುಟವೂ ಇರಲಿಲ್ಲ. ಹೆಸರು ದುರ್ಗವ್ವ. ವಯಸ್ಸು ಗೊತ್ತಿಲ್ಲ. ಗಂಡನ ಹೆಸರು ಇರಬೇಕಾದಲ್ಲಿ ಒಂದು ಗೀಟು. ವಿಳಾಸ, ಗಿರಣಿಯ ಎದುರಿಗೆ. ಸಹಿಯ ಜಾಗದಲ್ಲಿ ಒಂದು ಕುಂಕುಮದ ಬೊಟ್ಟು. ಓದು ಬಾರದ, ಒಂಟಿ ಮುದುಕಿ ಇರಬೇಕು, ಪಾಪ, ಎಂದುಕೊಂಡೆ. ಕಿವಿಯೂ ಮಂದವೇನೋ, ಅದಕ್ಕೇ ಮೂರು ವರ್ಷ ಕೀಂ ಅಂದರೂ ಸುಮ್ಮನಿದ್ದಾಳೆ ಅಂತ ನನ್ನ ಲೆಕ್ಕ.

ಬೆಟಗೇರಿಯ ಆ ಓಣಿಯಲ್ಲಿ ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಬಿಸಿ ಜೋಳದ ಹಿಟ್ಟಿನ ವಾಸನೆ ಓಣಿಯ ತುದಿಯವರೆಗೂ ಬರುತ್ತಿತ್ತು. ಹೆಂಗಸರು ಡಬ್ಬಿ ಸಾಲಿಗಿಟ್ಟು ಕಟ್ಟೆಯ ಮೇಲೆ ಹರಟೆ ಹೊಡೆಯುತ್ತ ಕೂತಿದ್ದರು. ಒಳಗೆ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬಳು ಗಿರಣಿ ನಡೆಸುತ್ತಿದ್ದಳು. ಅವಳ ಹೆಸರು ರೇಣವ್ವ. ಯಂತ್ರದ ಪರದೆಯ ಮೇಲೆ ಒಂದು ಕುಪ್ಪಸದ ಕಣ ಹೊದಿಸಿದ್ದರು. ನಾನು ನಿಂತಿರುವಾಗಲೇ ಅದರ ಹಿಂದಿನಿಂದ ಕೀಂ ಎಂಬ ಸದ್ದು ಬಂತು. ಯಾರೂ ತಿರುಗಿ ನೋಡಲಿಲ್ಲ.

"ನಾನು ಸುಪಿಷ್ಟ ಕಂಪನಿಯಿಂದ ಬಂದೀನ್ರಿ. ದುರ್ಗವ್ವನವರು ಎಲ್ಲಿ ಅದಾರ?"

"ಇಲ್ಲೇ ಎದರಿಗೆ ಅದಾಳಲ್ರಿ," ಎಂದು ರೇಣವ್ವ ಕೈಮಾಡಿ ತೋರಿಸಿದಳು.

ಎದುರಿಗೆ ಒಂದು ಪುಟ್ಟ ಗುಡಿ. ಒಳಗೆ ಮೊಣಕಾಲೆತ್ತರದ ಕಲ್ಲಿನ ದೇವಿ, ಬೆಳ್ಳಿಯ ಕಣ್ಣು, ಹಸಿರು ಸೀರೆ. ಕಡತದಲ್ಲಿನ ಕುಂಕುಮದ ಬೊಟ್ಟು ನೆನಪಾಯಿತು.

"ದೇವರ ಹೆಸರಿಗೆ ಗಿರಣಿ ಬರಸಿದ್ರ್ಯಾ?"

"ಮತ್ತೇನ ಮಾಡೂದ್ರಿ? ನಮ್ಮ ಹೆಣ್ಮಕ್ಕಳ ಸಂಘದಾಗ ಇಪ್ಪತ್ತೆರಡು ಮಂದಿ. ಮಾಲೀಕರು ಅಂತ ಒಂದ ಹೆಸರು ಬರೀರಿ ಅಂದ ನಿಮ್ಮಾಂವ. ಒಬ್ಬಾಕಿ ಹೆಸರು ಬರದ್ರ ಇಪ್ಪತ್ತೊಂದು ಮಂದಿಗೆ ಸಿಟ್ಟು. ಹದಿನೈದು ದಿನ ಜಗಳಾಡಿದ್ವಿ. ಕಡೀಕ ಅವ್ವನ ಹೆಸರು ಬರದ್ವಿ, ಎಲ್ಲಾರ ಬಾಯೂ ಮುಚ್ಚಿತು."

"ಈ ಗುಂಡಿ ಒತ್ತಾಕೇನಾಗಿತ್ತು? ಮೂರು ವರ್ಷ ಆತು."

ರೇಣವ್ವ ನನ್ನನ್ನು ಎಳೆ ಕೂಸನ್ನು ನೋಡುವ ಹಾಗೆ ನೋಡಿದಳು. "ಆಕಿ ಮಾಲಿನ ಮ್ಯಾಲ ನಾವು ಒತ್ತಿದ್ರ ನಮ್ಮ ಕೈ ಉಳೀತಾವೇನ್ರಿ?"

ನಮ್ಮವರಿಗೆ ಇದು ಹೊಳೆದೇ ಇರಲಿಲ್ಲ. ಕೀಂ ಅನ್ನುವುದನ್ನು ತಡೆಯಲಾರದೆ ಮನುಷ್ಯ ಒತ್ತುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ಕಂಪನಿ ನಿಂತಿತ್ತು. ಒತ್ತುವುದು ತನ್ನ ಹಕ್ಕೇ ಅಲ್ಲ ಅಂತ ತಿಳಿದವರು ಸಿಗುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ.

ಕೆಲಸ ಬಿಡುವ ಹಾಗಿಲ್ಲವಲ್ಲ. ಹೊಸ ಆವೃತ್ತಿಯ ಷರತ್ತುಗಳನ್ನು ಎಲ್ಲರೆದುರು ಓದಿ ಹೇಳುವುದು ನಿಯಮ. ಓದಿದೆ. ಇನ್ನು ಮುಂದೆ ಗಿರಣಿ ಕಂಪನಿಯ ಗುರುತಿರುವ ಚೀಲದ ಕಾಳನ್ನು ಮಾತ್ರ ಬೀಸುತ್ತದೆ. ನುಣ್ಣಗೆ, ನಡುಮಧ್ಯ, ತರಿ, ಈ ಮೂರೇ ಬಗೆ. ಮುಚ್ಚಳವನ್ನು ಕಂಪನಿಯವರಲ್ಲದೆ ಬೇರೆಯವರು ತೆಗೆಯುವಂತಿಲ್ಲ. ಇಲ್ಲಿಯವರೆಗೆ ಗಿರಣಿ ಕಲಿತದ್ದೆಲ್ಲ ಅಳಿಸಿ ಹೋಗುತ್ತದೆ. ಇದೆಲ್ಲ ತಮ್ಮ ಅನುಕೂಲಕ್ಕಾಗಿ.

ಮೂಲೆಯಲ್ಲಿ ಜೋಳದ ಚೀಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ ತಲೆ ಎತ್ತಿದಳು. "ಕಲತದ್ದು ಅಂದ್ರ ಯಾವದ ತಂಗಿ?"

"ಇದು ಬೀಸೂ ಪದ್ಧತಿ ಕಲತೈತೆಲ್ರಿ, ಅದು."

"ಎಲ್ಲಾ ಹೋಕ್ಕೈತಿ?"

"ಎಲ್ಲಾ ಹೋಕ್ಕೈತ್ರಿ ಆಯಿ."

ಅಜ್ಜಿ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಅವಳ ಹೆಸರು ಗಂಗವ್ವ. ಈ ಗಿರಣಿಗೆ ಬೀಸುವುದನ್ನು ಕಲಿಸಿದವಳು ಅವಳೇ. ನಮ್ಮ ಹಳೆಯ ಗಿರಣಿಗಳಲ್ಲಿ ಹಿಟ್ಟು ಬೀಳುವ ಬಾಯಿಯ ಪಕ್ಕ ಒಂದು ಬಟ್ಟಲಿತ್ತು. ಬಂದ ಹಿಟ್ಟನ್ನು ಅದರಲ್ಲಿಟ್ಟು ಬೆರಳಿನಿಂದ ಉಜ್ಜಿದರೆ, ಬೆರಳು ಎಷ್ಟು ಒತ್ತಿತು, ಎಲ್ಲಿ ತಡೆಯಿತು, ಎಷ್ಟು ಹೊತ್ತಿಗೆ ಸಾಕು ಎಂದು ಬಿಟ್ಟಿತು ಎಂಬುದನ್ನೆಲ್ಲ ಬಟ್ಟಲು ತಿಳಿದುಕೊಂಡು ಕಲ್ಲುಗಳ ನಡುವಿನ ಸಂದನ್ನು ಸರಿಸುತ್ತಿತ್ತು. ಏಳು ವರ್ಷ ಗಂಗವ್ವ ಹಾಗೆ ಉಜ್ಜಿದ್ದಳು. ಖಾದ್ರಿಯವರ ಮನೆಗೆ ತೆಳ್ಳನೆಯ ರೊಟ್ಟಿ ಬೇಕು, ಹಿಟ್ಟು ನುಣ್ಣಗೆ ಇದ್ದೂ ಜಿಗಿ ಹೋಗಬಾರದು. ಹಲ್ಲಿಲ್ಲದ ಬಾಳವ್ವನ ಅಂಬಲಿಗೆ ಇನ್ನೊಂದು ಹದ. ಮಳೆಗಾಲದಲ್ಲಿ ಥಂಡಿ ಹಿಡಿದ ಜೋಳ ಕಲ್ಲಿನಲ್ಲಿ ಬೇರೆಯೇ ಸದ್ದು ಮಾಡುತ್ತದೆ, ಅದಕ್ಕೆ ಕಲ್ಲು ಬಿಗಿ ಮಾಡದೆ ಸಡಿಲ ಬಿಡಬೇಕು. ನೂರಾ ನಲವತ್ತು ಮನೆಯ ಹದ ಆ ಯಂತ್ರಕ್ಕೆ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಗಂಗವ್ವನ ಬೆರಳು ಜೋಮು ಹಿಡಿದವು. ಈಗ ಹಿಟ್ಟೂ ಅಷ್ಟೇ, ಮರಳೂ ಅಷ್ಟೇ.

"ನನ್ನ ಬೆರಳು ಹ್ವಾದ್ರೂ ಅದರೊಳಗರ ಅದಾವ ಅಂತ ಸಮಾಧಾನಿತ್ತು ತಂಗಿ," ಎಂದಳು ಗಂಗವ್ವ, ಮನೆಗೆ ಹೊರಡುವಾಗ. "ಆತು, ನಿನ್ನ ಕೆಲಸ ನೀ ಮಾಡು. ಅವ್ವನ್ನ ಕೇಳು."

ಅಲ್ಲಿಯವರೆಗೆ ನನಗೆ ಇದೊಂದು ತಮಾಷೆಯ ಪ್ರಕರಣವಾಗಿತ್ತು. ಗಂಗವ್ವ ಹಾಗೆ ಅಂದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ. ದೇವಿ ಹೌದು ಅಂದರೆ ಈ ಅಜ್ಜಿಯ ಕೈ ಲೋಕದಲ್ಲಿ ಎಲ್ಲೂ ಉಳಿಯುವುದಿಲ್ಲ. ಅಲ್ಲ ಅಂದರೆ ಗಿರಣಿಯೇ ನಿಲ್ಲುತ್ತದೆ.

ದೇವಿಯನ್ನು ಕೇಳುವುದು ಹೇಗೆ ಅಂತ ಹೇಳಿಕೊಟ್ಟವಳು ಗುಡಿಯ ಪೂಜಾರ್ತಿ ಮಲ್ಲವ್ವ. ಅಗಲ ಕುಂಕುಮ, ಅದಕ್ಕಿಂತ ಅಗಲ ಬಾಯಿ. ಸೇವಂತಿಗೆಯ ಎಸಳನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಹಚ್ಚುವುದು, ಕೈಮುಗಿದು ಕೇಳುವುದು. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆ, ಮನೆ, ಬಾವಿ ತೋಡುವುದು, ಎಲ್ಲಕ್ಕೂ ಓಣಿಯವರು ಹೀಗೆಯೇ ಹೂ ಕೇಳುತ್ತಾರಂತೆ.

ಮಲ್ಲವ್ವ ಎಸಳು ಹಚ್ಚಿದಳು. ನಾನು ಕೈಮುಗಿದು, ಹಾಳೆ ಹಿಡಿದು, ಆವೃತ್ತಿ ಒಂಬತ್ತಕ್ಕೆ ತಮ್ಮ ಒಪ್ಪಿಗೆ ಇದೆಯೇ ಎಂದು ಕಲ್ಲಿಗೆ ಕೇಳಿದೆ. ನನ್ನ ಹದಿಮೂರು ವರ್ಷದ ನೌಕರಿಯಲ್ಲಿ ಮಾಲೀಕರೊಬ್ಬರು ನನ್ನ ಮಾತನ್ನು ಅಷ್ಟು ಶಾಂತವಾಗಿ ಕೇಳಿಸಿಕೊಂಡದ್ದು ಅದೇ ಮೊದಲು.

ಮಧ್ಯಾಹ್ನದವರೆಗೂ ಎಸಳು ಬೀಳಲಿಲ್ಲ. ಹೆಬಸೂರ ಸರ್‌ಗೆ ಫೋನ್ ಮಾಡಿದೆ.

"ಇನ್ನೂ ಹೂ ಬಿದ್ದಿಲ್ಲ ಸರ್."

"ಯಾವ ಹೂ?"

"ಸೇವಂತಿಗಿ ಸರ್."

ಎಲ್ಲ ವಿವರಿಸಿದೆ. ಅವರು ಕಾನೂನು ವಿಭಾಗಕ್ಕೆ ಕೇಳಿದರು. ದೇವರು ಆಸ್ತಿಯ ಮಾಲೀಕರಾಗಬಹುದು, ಕೋರ್ಟು ಅದನ್ನು ಒಪ್ಪುತ್ತದೆ, ಆದ್ದರಿಂದ ಮಾಲೀಕರು ತಮ್ಮ ರೂಢಿಯಂತೆ ಉತ್ತರಿಸುವವರೆಗೆ ಪ್ರತಿನಿಧಿ ಅಲ್ಲೇ ಕಾಯತಕ್ಕದ್ದು ಎಂದು ಸಂಜೆಯೊಳಗೆ ಬರಹದಲ್ಲಿ ಉತ್ತರ ಬಂತು.

ಕಾದೆ. ಎರಡನೆಯ ದಿನ, ಮೂರನೆಯ ದಿನ. ಬೆಳಿಗ್ಗೆ ಬಸ್ಸು ಹತ್ತುವುದು, ಗುಡಿ ಕಟ್ಟೆಯ ಮೇಲೆ ಕೂರುವುದು, ಸಂಜೆ ಹುಬ್ಬಳ್ಳಿಗೆ ವಾಪಸು. ಓಣಿಯ ಹೆಂಗಸರು ನನ್ನನ್ನು ವೈರಿಯ ಹಾಗೆ ಕಾಣಲಿಲ್ಲ. ಒಂದು ಮನೆಯಿಂದ ರೊಟ್ಟಿ ಝುಣಕ, ಇನ್ನೊಂದು ಮನೆಯಿಂದ ಪುಂಡಿಪಲ್ಯ, ಯಾರೋ ತಂದ ಗುರೆಳ್ಳು ಚಟ್ನಿ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎರಡನೆಯ ದಿನ ಕಟ್ಟಿ ಕೊಟ್ಟ ರೊಟ್ಟಿ ತಿಂದು ಬಸು, "ಇನ್ನೊಂದ ವಾರ ಬೀಳೋದು ಬ್ಯಾಡ ಆ ಹೂ," ಎಂದ.

ಮೂರನೆಯ ದಿನ ಊಟದ ಹೊತ್ತಿಗೆ ಗುಡಿಯಲ್ಲಿ ನಾನೊಬ್ಬಳೇ ಇದ್ದೆ. ದೇವಿಯ ಸೀರೆಯ ಮೇಲೆ ಒಂದು ಇರುವೆ ಸಾಲು ಹತ್ತುತ್ತಿತ್ತು. ನೆಟ್ಟಗೆ ಭುಜಕ್ಕೆ ಹೋಗಿ ಎಸಳಿನ ಕೆಳಗೆ ನುಗ್ಗುತ್ತಿತ್ತು. ಬರೀ ನೀರಿಗೆ ಇರುವೆ ಅಷ್ಟು ಮುತ್ತುವುದಿಲ್ಲವಲ್ಲ? ಬಾಗಿ, ಎಸಳಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಬರಲಿಲ್ಲ. ಹಿಟ್ಟಿನ ಅಂಟು. ಒಳ್ಳೆ ನುಣ್ಣಗೆ ಬೀಸಿದ ಗೋದಿ ಹಿಟ್ಟಿನ ಅಂಟು.

ಹಿಂದೆ ಮಲ್ಲವ್ವ ನಿಂತಿದ್ದಳು.

"ದೇವ್ರು ವರಾ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತ ಕೇಳಿದ್ದೆ," ಎಂದೆ. ಸಿಟ್ಟು ಬಂದಿತ್ತು, ಮೂರು ದಿನ ಕಲ್ಲಿನಂತೆ ಕೂರಿಸಿದ್ದಳಲ್ಲ. "ಇಲ್ಲಿ ನೋಡಿದ್ರ ದೇವ್ರಿಗೆ ಬಾಯೇ ತಗ್ಯಾಕ ಬಿಟ್ಟಿಲ್ಲ ನೀವು."

"ಹೌದು, ಹಚ್ಚೀನಿ," ಎಂದಳು ಮಲ್ಲವ್ವ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ನಿಮ್ಮ ಕಂಪನಿ ಎಂಥಾ ಪ್ರಶ್ನಿ ಕೇಳಾಕ ಕಳಿಸೈತಿ ನೋಡ್ರಿ. ಬಲಕ್ಕ ಬಿದ್ರ ಗಂಗವ್ವನ ಕೈ ಹೋಕ್ಕೈತಿ. ಎಡಕ್ಕ ಬಿದ್ರ ಓಣಿ ಗಿರಣಿ ನಿಂದರತೈತಿ. ಎರಡೂ ಬಾಜು ಬಾವಿ ತೋಡಿ, ಯಾವದರಾಗ ಬೀಳ್ತಿ ಹೇಳವ್ವಾ ಅಂತ ನಾ ನಮ್ಮ ತಾಯಿಗೆ ಹೆಂಗ ಕೇಳ್ಲಿ? ಪಾಪ ಬರೂದಾದ್ರ ನನಗ ಬರ್ಲಿ. ನೀವು ಏನ ಬರಕೋತೀರಿ ಬರಕೋರಿ."

ನಾನು ಏನು ಬರೆಯಬೇಕು ಎಂಬುದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಒಪ್ಪಿಗೆಯ ಕ್ರಮದಲ್ಲಿ ಯಾರಾದರೂ ಕೈವಾಡ ಮಾಡಿದರೆ ಅದನ್ನು 'ಒಪ್ಪಿಲ್ಲ' ಎಂದೇ ತಿಳಿಯತಕ್ಕದ್ದು. ನಾನು ಒಂದು ಸಾಲು ಬರೆದರೆ ಸಂಜೆಯೊಳಗೆ ಗಿರಣಿ ಬಂದ್. ಹಾಳೆ ತೊಡೆಯ ಮೇಲಿಟ್ಟುಕೊಂಡೆ. ನನ್ನ ಕುಕ್ಕರ್ ನೆನಪಾಯಿತು. ನಾನು ಇಷ್ಟು ವರ್ಷ ಊರೂರು ತಿರುಗಿ ಒತ್ತಿಸಿದ ಗುಂಡಿಗಳು ನೆನಪಾದವು. ಅವರ ಯಂತ್ರದಲ್ಲಿ ಯಾರ ಕೈ ಇತ್ತು ಅಂತ ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ಬರೆದೆ: 'ಮಾಲೀಕರನ್ನು ಖುದ್ದಾಗಿ ಭೇಟಿ ಮಾಡಲಾಯಿತು. ಇನ್ನೂ ಯೋಚಿಸುತ್ತಿದ್ದಾರೆ.'

ಮಲ್ಲವ್ವನಿಗೆ ಓದಿ ಹೇಳಿದೆ. ಅವಳು ದೊಡ್ಡದಾಗಿ ನಕ್ಕು ನನ್ನ ಹಣೆಗೆ ಭಂಡಾರದ ಅರಿಶಿನ ಹಚ್ಚಿದಳು. "ಬೀಸೋ ದೊಣ್ಣಿ ತಪ್ಪಿದ್ರ ಸಾವಿರ ವರ್ಷ ಆಯುಷ್ಯ ಬಿಡ್ರಿ," ಎಂದಳು.

ಹೆಬಸೂರ ಸರ್ ನನ್ನ ವರದಿ ಎರಡು ಸಲ ಓದಿದರು. "ಎಷ್ಟು ದಿನಾ ಯೋಚನಿ ಮಾಡ್ತಾರಂತ?" ಎಂದು ಕೇಳಿದರು.

"ವಯಸ್ಸಾದವರು ಸರ್. ಅವಸರ ಮಾಡಂಗಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಕಾಶೆಯಲ್ಲಿ ಹಳದಿ ಚುಕ್ಕೆ ಹಾಗೆಯೇ ಉಳಿಯಿತು.

ಒಂದು ತಿಂಗಳಿಗೆ ಅದರ ಪಕ್ಕ ಇನ್ನೊಂದು ಹಳದಿ ಮೂಡಿತು. ರೇಣವ್ವನ ತಂಗಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು, ಅಲ್ಲಿಯ ಗಿರಣಿ ಹನುಮಪ್ಪ ದೇವರ ಹೆಸರಿಗೆ ವರ್ಗವಾಗಿತ್ತು. ಮಾಲೀಕರು ಬದಲಾದರೆ ಹಳೆಯ ಒಪ್ಪಿಗೆ ಬಿದ್ದುಹೋಗುತ್ತದೆ, ಯಂತ್ರ ಹಳೆಯ ಆವೃತ್ತಿಗೆ ಮರಳುತ್ತದೆ, ಹೊಸ ಮಾಲೀಕರನ್ನು ಮೊದಲಿನಿಂದ ಕೇಳಬೇಕು. ಅದೂ ನಮ್ಮದೇ ನಿಯಮ. ಆಮೇಲೆ ಗಿರಣಿಗಳಷ್ಟೇ ಅಲ್ಲ. ಬೇರೆ ಕಂಪನಿಗಳ ಟ್ರ್ಯಾಕ್ಟರು, ಹೊಲಿಗೆ ಯಂತ್ರ, ನೀರೆತ್ತುವ ಪಂಪು, ಮಕ್ಕಳ ಓದಿನ ಕಂಪ್ಯೂಟರು, ಎಲ್ಲ ದೇವರ ಪಾಲಾಗತೊಡಗಿದವು. ಒಂದೂರಿನಲ್ಲಿ ಚೌಡವ್ವ, ಇನ್ನೊಂದೂರಿನಲ್ಲಿ ದರ್ಗಾದ ಪೀರಸಾಹೇಬರು. ದೇವರನ್ನು ನಂಬದ ಧಾರವಾಡದ ಮಾಸ್ತರರೊಬ್ಬರು ಫ್ರಿಜ್ಜನ್ನು ಮನೆ ಮುಂದಿನ ಬೇವಿನ ಮರಕ್ಕೆ ಬರೆದುಕೊಟ್ಟರು. ಮರ ಮಾಲೀಕನಾಗಲಾರದು ಎಂದು ಅರ್ಜಿ ವಾಪಸು ಬಂದದ್ದಕ್ಕೆ ಕೋರ್ಟಿಗೆ ಹೋಗಿದ್ದಾರೆ. ಒಂದು ದಿನ ಮನೆಗೆ ಬಂದರೆ ಬಸು ಕುಕ್ಕರಿಗೆ ಊದಿನಕಡ್ಡಿ ಬೆಳಗುತ್ತಿದ್ದ.

"ಯಾರ ಹೆಸರಿಗೆ?" ಎಂದೆ.

"ನಮ್ಮನಿ ದೇವರು ವೀರಭದ್ರ. ಸಿಟ್ಟಿನ ದೇವರು, ಕೇಳಾಕ ಬಂದವರು ಹುಷಾರಿ," ಎಂದ.

ಒಂದು ವರ್ಷ ಹೀಗೆ ನಡೆಯಿತು. ಗೋಡೆಯ ನಕಾಶೆ ಸೇವಂತಿಗೆ ಹೊಲದ ಹಾಗೆ ಹಳದಿಯಾಯಿತು. ಒಪ್ಪಿಗೆ ವಿಭಾಗಕ್ಕೆ ಹೊಸದಾಗಿ ಅರವತ್ತು ಮಂದಿ ಸೇರಿದರು. ಅವರೆಲ್ಲ ಗುಡಿ ಗುಡಿಯಲ್ಲಿ ಕೂತು ಊಟ ಮಾಡಿ ಬರುತ್ತಿದ್ದರು. ಯೋಚಿಸುತ್ತಿರುವ ಮಾಲೀಕರನ್ನು ಕಾಯಲು ಇಷ್ಟು ಜನ ಬೇಕಾದರೆ ಯೋಚನೆಯನ್ನೇ ಬಗೆಹರಿಸುವುದು ಲೇಸು ಎಂದು ಮೇಲಿನವರಿಗೆ ಕೊನೆಗೆ ಹೊಳೆಯಿತು. ಹೆಬಸೂರ ಸರ್ ಆದೇಶದ ಪ್ರತಿ ತಂದು ನನ್ನ ಮೇಜಿನ ಮೇಲಿಟ್ಟರು. ಎಲ್ಲ ಯಂತ್ರಗಳಿಗೆ ಮೂರನೆಯ ಗುಂಡಿ: 'ಇದ್ದಂತೆಯೇ ಇರಲಿ.' ಒತ್ತಿದರೆ ಏನೂ ಅಳಿಯುವುದಿಲ್ಲ, ಏನೂ ನಿಲ್ಲುವುದಿಲ್ಲ, ಕೀಂ ಅನ್ನುವುದೂ ಇಲ್ಲ. ಮುಚ್ಚಳ ತೆಗೆದು ಒಳಗೆ ಕೈಯಾಡಿಸುವ ಹಕ್ಕು ಮಾಲೀಕರದೇ.

"ಈ ಗುಂಡಿ ಮೊದಲ ಎಲ್ಲಿ ಒತ್ತಿಸೂದು ಅಂತ ನಿಮಗ ಹೇಳಬೇಕಿಲ್ಲ," ಎಂದರು. ಈ ಸಲ ತಾವೂ ಬರುತ್ತೇನೆ ಅಂದರು. ಝುಣಕದ ಸುದ್ದಿ ಅವರಿಗೂ ಮುಟ್ಟಿತ್ತು.

ಓಣಿಗೆ ಓಣಿಯೇ ಗುಡಿಯ ಮುಂದೆ ನೆರೆದಿತ್ತು. ಮಲ್ಲವ್ವ ಎಸಳು ಅದ್ದುವ ಬಟ್ಟಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಬೆರಳ ಅದ್ದಿ ನೋಡ್ರಿ. ಇವತ್ತ ಬರೇ ನೀರ ಐತಿ. ಇವತ್ತ ಕೇಳೂ ಮಾತು ಐತಿ, ಕೇಳ್ತೀನಿ."

ಬರೀ ನೀರೇ. ಆಗ ನನಗೆ ನಿಜವಾಗಿ ಅಂಜಿಕೆ ಬಂತು. ಹಿಂದಿನ ಸಲ ಅಂಟಿತ್ತು, ಯಾವ ಅಪಾಯವೂ ಇರಲಿಲ್ಲ. ಈಗ ಎಡಗಡೆಯ ಎಸಳು ಬಿದ್ದರೆ? ದೇವಿ ಅಲ್ಲ ಅಂದಮೇಲೆ ಈ ಹೆಂಗಸರು ಆ ಗುಂಡಿ ಮುಟ್ಟುವವರಲ್ಲ, ಕೈ ಹೋದೀತು ಅಂತ ನಂಬಿದವರು. ಗಂಗವ್ವ ಸೆರಗು ಹೊದ್ದು ನನ್ನ ಪಕ್ಕ ಕೂತಿದ್ದಳು. ಕಣ್ಣು ಮುಚ್ಚಿದ್ದಳು.

ಮಲ್ಲವ್ವ ಎಸಳು ಹಚ್ಚಿ, ಎದ್ದು ನಿಂತು, "ಯವ್ವಾ, ಗಂಗವ್ವ ಕಲಿಸಿದ್ದು ಇದ್ದಂಗ..." ಎನ್ನುವಷ್ಟರಲ್ಲಿ ಬಲಗಡೆಯ ಎಸಳು ಬಿತ್ತು. ಮಾತು ಪೂರ್ತಿ ಆಗಲೂ ಬಿಡಲಿಲ್ಲ. ಹೆಬಸೂರ ಸರ್ ತಮಗೇ ಗೊತ್ತಿಲ್ಲದೆ ಕೈಮುಗಿದಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಂಡೆ.

ದೇವಿಯ ಪರವಾಗಿ ಗುಂಡಿ ಒತ್ತುವವರು ಯಾರು ಎಂದು ಇಪ್ಪತ್ತೆರಡು ಮಂದಿ ಮತ್ತೆ ಜಗಳಕ್ಕೆ ನಿಲ್ಲುವ ಮೊದಲೇ ಮಲ್ಲವ್ವ ಗಂಗವ್ವನ ಕೈ ಹಿಡಿದು ಒತ್ತಿಸಿಬಿಟ್ಟಳು. ರೇಣವ್ವ ಪರದೆಯ ಮೇಲಿನ ಕಣ ತೆಗೆದು ಮಡಚಿಟ್ಟಳು. ಗಿರಣಿ ಶುರುವಾಯಿತು. ಸರದಿಯಲ್ಲಿ ಮೊದಲು ಇದ್ದದ್ದು ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರ ಡಬ್ಬಿ. ನೂರಾ ನಲವತ್ತರಲ್ಲಿ ಅವರ ಮನೆ ಇರಲಿಲ್ಲ, ಅವರ ಹದ ಗಿರಣಿಗೆ ಗೊತ್ತಿರಲಿಲ್ಲ.

ಗಂಗವ್ವ ಹಿಟ್ಟು ಬೀಳುವಲ್ಲಿ ಕೈಯೊಡ್ಡಿದಳು, ಉಜ್ಜಿದಳು, ತಲೆಯಾಡಿಸಿದಳು. "ನನಗೇನ ತಿಳೀವಲ್ದು. ತಂಗಿ, ನೀ ಬಾ ಇಲ್ಲೆ."

"ನನಗ ಬರಂಗಿಲ್ರಿ ಆಯಿ. ನಮ್ಮನ್ಯಾಗ ಪಾಕೀಟಿನ ಹಿಟ್ಟು."

"ಬರಲಾರದ್ದಕ್ಕ ಕರಿಯಾಕತ್ತೀನಿ, ಬಾ."

ನನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಿಟಿಕೆ ಬಿಸಿ ಹಿಟ್ಟಿಟ್ಟು, ತನ್ನ ಜೋಮು ಹಿಡಿದ ಕೈಯಿಂದ ನನ್ನ ಬೆರಳುಗಳನ್ನು ಹಿಡಿದು ಮೆಲ್ಲಗೆ ಉಜ್ಜಿಸಿದಳು. ಮೊದಲು ಏನೂ ತಿಳಿಯಲಿಲ್ಲ. "ಅವಸರ ಮಾಡಬ್ಯಾಡ," ಎಂದಳು. ಮೂರನೆಯ ಸಲಕ್ಕೆ ನುಣುಪಿನ ಒಳಗೆ ಎಲ್ಲೋ ಒಂದು ಸಣ್ಣ ತರಿ ಬೆರಳಿಗೆ ತಾಕಿತು.

"ಒಂಚೂರು ತರಿ ಐತ್ರಿ," ಎಂದೆ.

"ನನಗ ಹೇಳಿದ್ರೇನ ಬಂತು? ಅದಕ್ಕ ಹೇಳು."

ನನ್ನ ಕೈಯನ್ನು ಗಿರಣಿಯ ಬಾಯಿ ಪಕ್ಕದ ಬಟ್ಟಲಿಗೆ ಒಯ್ದು ಬಿಟ್ಟಳು. ಉಜ್ಜಿದೆ. ಒಳಗೆ ಕಲ್ಲು ಕೂದಲೆಳೆಯಷ್ಟು ಸರಿದು, ಗಿರಣಿಯ ಸದ್ದು ಬದಲಾಯಿತು.